ಬೇಸಿಗೆಗೆ ಬೇಸ್‌ಬಾಲ್, ಚಳಿಗೆ ಕರ್ಲಿಂಗ್: ಬಾನಿ ಬೇಕರ್ ಯಾರು?

ಚಳಿಗಾಲದ ಒಲಿಂಪಿಕ್ಸ್ ಬಂತೆಂದರೆ ಸಾಕು, ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಒಂದು ವಿಡಿಯೊ ಸುತ್ತುತ್ತದೆ. ಒಬ್ಬರು ಐಸ್ ಮೇಲೆ ಕಲ್ಲು ಜಾರಿಸುತ್ತಾರೆ. ಇನ್ನಿಬ್ಬರು ಅದರ ಮುಂದೆ ಮುಂದೆ ಓಡುತ್ತಾ ನೆಲ ಉಜ್ಜುತ್ತಾರೆ. "ನಮ್ಮಮ್ಮ ದಿನಾ ಇದನ್ನೇ ಮಾಡೋದು, ಅವರಿಗೂ ಒಂದು ಮೆಡಲ್ ಕೊಡಿ" ಎಂದು ಯಾರಾದರೂ ಒಬ್ಬರು ಬರೆದೇ ಬರೆಯುತ್ತಾರೆ. ಆ ಆಟದ ಹೆಸರು ಕರ್ಲಿಂಗ್.

ಅತ್ತ ಅಮೆರಿಕದಲ್ಲಿ ಹೆಂಗಸರಿಗಾಗಿ ಹೊಸದೊಂದು ವೃತ್ತಿಪರ ಬೇಸ್‌ಬಾಲ್ ಲೀಗ್ ಘೋಷಣೆಯಾಗಿದೆ. ಆ ಸುದ್ದಿಯ ಜೊತೆಗೆ 1943ರಿಂದ 1954ರ ತನಕ ನಡೆದ ಹಳೇ ಲೀಗೊಂದರ ಹೆಸರೂ ಮತ್ತೆ ಕೇಳಿಬರುತ್ತಿದೆ. ಆ ಲೀಗಿಗೂ ಈ ಕಲ್ಲು ಜಾರಿಸುವ ಆಟಕ್ಕೂ ಎಲ್ಲಿಯ ನಂಟು ಅನ್ನಿಸಬಹುದು. ನಂಟು ಇದೆ, ಅದೂ ಒಬ್ಬರ ಬದುಕಿನಲ್ಲೇ. ಅವರು ಕೆನಡಾದ ಮೇರಿ ಬೇಕರ್. ಎಲ್ಲರ ಬಾಯಲ್ಲಿ 'ಬಾನಿ' ಬೇಕರ್. ಅವರ ಕತೆ ತಿಳಿಯಬೇಕಾದರೆ ನಮಗೆ ಅಷ್ಟಾಗಿ ಪರಿಚಯವಿಲ್ಲದ ಎರಡು ಆಟಗಳನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅದಕ್ಕೂ ಮೊದಲು ಊರು.

ಆರು ತಿಂಗಳು ಚಳಿಯ ಊರು

ಕೆನಡಾದ ನಡುಭಾಗದಲ್ಲಿ, ಅಮೆರಿಕದ ಗಡಿಗೆ ಒತ್ತಿಕೊಂಡಂತೆ ಸಸ್ಕಾಚೆವಾನ್ ಎಂಬ ಪ್ರಾಂತ್ಯವಿದೆ. ಅದರ ದಕ್ಷಿಣ ಭಾಗವೆಲ್ಲ ಕಣ್ಣು ಹಾಯುವಷ್ಟು ದೂರ ಸಮತಟ್ಟು ಬಯಲು, ಗೋಧಿ ಹೊಲ. ರಾಜಧಾನಿ ರಿಜೈನಾ. ಬೇಕರ್ ಹುಟ್ಟಿದ್ದು ಅಲ್ಲಿ. ಮದುವೆಗೆ ಮೊದಲಿನ ಹೆಸರು ಮೇರಿ ಜೆರಾಲ್ಡೀನ್ ಜಾರ್ಜ್.

ಅಲ್ಲಿ ಮಳೆಗಾಲ, ಬೇಸಿಗೆ ಎಂಬ ನಮ್ಮ ಲೆಕ್ಕ ನಡೆಯುವುದಿಲ್ಲ. ಇರುವುದು ಒಂದು ಚಿಕ್ಕ ಬೇಸಿಗೆ, ಒಂದು ಉದ್ದನೆಯ ಚಳಿಗಾಲ. ಜನವರಿಯಲ್ಲಿ ಮೈನಸ್ 20, ಮೈನಸ್ 30 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಹೊಲದ ಕೆಲಸ ನಿಂತಿರುತ್ತದೆ. ಮನೆಯೊಳಗೆ ಕೂತು ಕೂತು ತಲೆ ಕೆಡುತ್ತದೆ. ಹಾಗಾಗಿ ಊರೂರಿಗೂ ಒಂದು ಐಸ್ ಮನೆ, ಅದರಲ್ಲಿ ಕರ್ಲಿಂಗ್. ಹಿಮ ಕರಗಿ ಹುಲ್ಲು ಕಂಡ ಕೂಡಲೇ ಎಲ್ಲರೂ ಮೈದಾನಕ್ಕೆ, ಅಲ್ಲಿ ಬ್ಯಾಟು ಚೆಂಡು. ನಮಗೆ ಎರಡೂ ಬೇರೆ ಬೇರೆ ಲೋಕದ ಆಟಗಳಂತೆ ಕಾಣುತ್ತವೆ. ಅವರಿಗೆ ಅದು ಒಂದೇ ಕ್ಯಾಲೆಂಡರಿನ ಎರಡು ಹಾಳೆ. ಒಳ್ಳೇ ಆಟಗಾರ್ತಿ ಎನಿಸಿಕೊಂಡವಳು ಎರಡನ್ನೂ ಆಡುವುದು ಅಲ್ಲಿ ವಿಶೇಷವೇ ಅಲ್ಲ.

ಸಾಫ್ಟ್‌ಬಾಲ್ ಬೇರೆ, ಬೇಸ್‌ಬಾಲ್ ಬೇರೆ

ಬೇಸ್‌ಬಾಲಿನ ತಿರುಳು ಇಷ್ಟು. ಚೌಕಾಕಾರದ ಅಂಗಳ, ನಾಲ್ಕು ಮೂಲೆಗೆ ನಾಲ್ಕು ನಿಲ್ದಾಣ. ಇವೇ ಬೇಸ್‌ಗಳು. ಚೆಂಡು ಎಸೆಯುವವರು ಪಿಚರ್. ಬ್ಯಾಟ್ಸ್‌ಮನ್ ಚೆಂಡು ಹೊಡೆದು, ಒಂದೊಂದೇ ಬೇಸ್ ಮುಟ್ಟುತ್ತಾ, ಸುತ್ತು ಹಾಕಿ ಮೊದಲಿನ ಜಾಗಕ್ಕೆ ಮರಳಿದರೆ ಒಂದು ರನ್. ಕ್ರಿಕೆಟ್‌ನಲ್ಲಿ ಎರಡೇ ತುದಿಗಳ ನಡುವೆ ಓಡುತ್ತೇವೆ, ಇಲ್ಲಿ ನಾಲ್ಕು ಮೂಲೆ ಸುತ್ತಬೇಕು. ದಾರಿಯಲ್ಲಿ ಯಾವುದೋ ಬೇಸ್‌ನಲ್ಲಿ ನಿಂತು ಉಸಿರು ತಗೊಂಡು, ಮುಂದಿನವರು ಹೊಡೆದಾಗ ಮತ್ತೆ ಓಡಬಹುದು.

ಸಾಫ್ಟ್‌ಬಾಲ್ ಇದರ ತಮ್ಮ ಇದ್ದ ಹಾಗೆ. ಚೆಂಡು ದೊಡ್ಡದು, ಅಂಗಳ ಚಿಕ್ಕದು, ಕೈಯನ್ನು ಸೊಂಟದ ಕೆಳಗಿನಿಂದ ಬೀಸಿ ಎಸೆಯಬೇಕು. 1930ರ ದಶಕದಲ್ಲಿ ಕೆನಡಾದ ಹುಡುಗಿಯರು ಹೆಚ್ಚಾಗಿ ಆಡುತ್ತಿದ್ದುದು ಇದನ್ನೇ. ಅಂಗಡಿ, ಕಾರ್ಖಾನೆ, ಕಚೇರಿಗಳಿಗೆ ತಮ್ಮ ತಮ್ಮ ತಂಡಗಳಿದ್ದವು. ಬೇಕರ್ ರಿಜೈನಾದ 'ಆರ್ಮಿ ಅಂಡ್ ನೇವಿ' ಎಂಬ ದೊಡ್ಡ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಆ ಅಂಗಡಿಯ ತಂಡಕ್ಕೇ ಆಡುತ್ತಿದ್ದರು. ಹಗಲು ಅಂಗಡಿ, ಸಂಜೆ ಮೈದಾನ.

ಚ್ಯೂಯಿಂಗ್ ಗಮ್ ಮಾಲೀಕರಿಗೆ ಬಂದ ಚಿಂತೆ

ಆಗ ಎರಡನೇ ಮಹಾಯುದ್ಧ. ಅಮೆರಿಕದ ಬೇಸ್‌ಬಾಲ್ ಆಟಗಾರರು ಒಬ್ಬೊಬ್ಬರಾಗಿ ಸೇನೆಗೆ ಹೊರಟರು. ಫಿಲಿಪ್ ರಿಗ್ಲಿ ಎಂಬವರು ಚ್ಯೂಯಿಂಗ್ ಗಮ್ ಕಂಪನಿಯ ಒಡೆಯರು, ಶಿಕಾಗೊ ಕಬ್ಸ್ ಎಂಬ ಬೇಸ್‌ಬಾಲ್ ತಂಡವೂ ಅವರದೇ. ಗಂಡಸರ ಆಟ ನಿಂತೇಹೋದರೆ ಸ್ಟೇಡಿಯಂಗಳ ಗತಿ ಏನು ಎಂಬ ಭಯ ಅವರಿಗೆ. 1943ರಲ್ಲಿ ಹೆಂಗಸರ ಲೀಗ್ ಶುರು ಮಾಡಿದರು. ಮುಂದೆ ಅದಕ್ಕೆ 'ಆಲ್ ಅಮೆರಿಕನ್ ಗರ್ಲ್ಸ್ ಪ್ರೊಫೆಷನಲ್ ಬೇಸ್‌ಬಾಲ್ ಲೀಗ್' ಎಂಬ ಹೆಸರು ನಿಂತಿತು. ಮೊದಲ ವರ್ಷ ನಾಲ್ಕು ತಂಡ: ರೆಸೀನ್, ಕೆನೋಶಾ, ರಾಕ್‌ಫರ್ಡ್, ಸೌತ್ ಬೆಂಡ್. ಎಲ್ಲವೂ ಶಿಕಾಗೊ ಸುತ್ತಮುತ್ತಲಿನ ಮಧ್ಯಮ ಗಾತ್ರದ ಊರುಗಳು.

ಆಟಗಾರ್ತಿಯರು ಸಿಕ್ಕಿದ್ದೆಲ್ಲಿ? ಇಲ್ಲಿ ಐಸ್ ಹಾಕಿ ನಡುವೆ ಬರುತ್ತದೆ. ಶಿಕಾಗೊದ ಹಾಕಿ ತಂಡದಲ್ಲಿ ಜಾನಿ ಗಾಟ್ಸೆಲಿಗ್ ಎಂಬ ಆಟಗಾರರಿದ್ದರು. ಅವರು ಬೆಳೆದದ್ದು ರಿಜೈನಾದಲ್ಲೇ. ಹೊಸ ಲೀಗಿನಲ್ಲಿ ಒಂದು ತಂಡಕ್ಕೆ ಅವರೇ ಮ್ಯಾನೇಜರ್ ಕೂಡ ಆದರು. ಕೆನಡಾದ ಬಯಲುಸೀಮೆಯಲ್ಲಿ ಹಾಕಿ ಆಡುವ ಹುಡುಗರನ್ನು ಹುಡುಕಿ ಅಭ್ಯಾಸವಿದ್ದವರ ಕಣ್ಣು ಈಗ ಚೆಂಡು ಎಸೆಯುವ ಹುಡುಗಿಯರ ಮೇಲೆ ಬಿತ್ತು. ಲೀಗ್ ನಡೆದ 12 ವರ್ಷಗಳಲ್ಲಿ 600ಕ್ಕೂ ಹೆಚ್ಚು ಹೆಂಗಸರು ಆಡಿದರು. ಅವರಲ್ಲಿ 60ಕ್ಕೂ ಹೆಚ್ಚು ಮಂದಿ ಕೆನಡಾದವರು. ಆ ಕೆನಡಾದವರಲ್ಲಿ ದೊಡ್ಡ ಪಾಲು ಸಸ್ಕಾಚೆವಾನ್‌ನದು.

ಸಂಬಳ ವಾರಕ್ಕೆ 45ರಿಂದ 85 ಡಾಲರ್. ಅಂಗಡಿಯಲ್ಲಿ ನಿಂತು ದುಡಿಯುವುದಕ್ಕಿಂತ ಇದು ಬಹಳ ಜಾಸ್ತಿ. ಬೇಕರ್ ಅವರ ಪತಿ ಮೋರಿ ಬೇಕರ್ ಆಗ ಕೆನಡಾದ ವಾಯುಪಡೆಯಲ್ಲಿ ಸಾಗರದಾಚೆ ಇದ್ದರು. ಬಾನಿ ಬೇಕರ್ 1943ರಲ್ಲೇ ಹೊರಟರು. ಸೌತ್ ಬೆಂಡ್ ಬ್ಲೂ ಸಾಕ್ಸ್ ತಂಡದ ಕ್ಯಾಚರ್ ಆದರು.

ಕ್ಯಾಚರ್ ಎಂದರೆ ಬರೀ ವಿಕೆಟ್ ಕೀಪರ್ ಅಲ್ಲ

ಕ್ರಿಕೆಟ್ ಬಲ್ಲವರು ಕ್ಯಾಚರ್ ಅಂದ ಕೂಡಲೇ ವಿಕೆಟ್ ಕೀಪರ್ ಅಂದುಕೊಳ್ಳುತ್ತಾರೆ. ಅರ್ಧ ಸರಿ. ಬ್ಯಾಟ್ಸ್‌ಮನ್ ಹಿಂದೆ ಕುಕ್ಕರುಗಾಲಲ್ಲಿ ಕೂರುವುದು, ಚೆಂಡು ಹಿಡಿಯುವುದು, ಮುಖಕ್ಕೆ ಜಾಲರಿ, ಎದೆಗೆ ದಪ್ಪ ಕವಚ. ಉಳಿದರ್ಧ ಇಲ್ಲಿದೆ. ಮುಂದಿನ ಚೆಂಡು ಎಂಥದ್ದಿರಬೇಕು ಎಂದು ಬೆರಳಲ್ಲಿ ಸನ್ನೆ ಮಾಡುವವರು ಕ್ಯಾಚರ್. ಎಲ್ಲಿಗೆ ಬರಬೇಕು ಎಂದು ಗ್ಲೌಸ್ ಹಿಡಿದು ಗುರಿ ತೋರಿಸುವವರೂ ಅವರೇ. ತಂಡದ ಉಳಿದವರೆಲ್ಲ ಒಳಮುಖವಾಗಿ ನಿಂತಿದ್ದರೆ ಕ್ಯಾಚರ್ ಒಬ್ಬರೇ ಹೊರಮುಖವಾಗಿ ಕೂತು ಇಡೀ ಮೈದಾನ ನೋಡುತ್ತಿರುತ್ತಾರೆ. ಈ ಮಾತು ನೆನಪಿರಲಿ, ಕರ್ಲಿಂಗ್ ಬಂದಾಗ ಬೇಕಾಗುತ್ತದೆ.

ಇನ್ನೊಂದು ಕಷ್ಟದ ಕೆಲಸ ಕಳ್ಳರನ್ನು ಹಿಡಿಯುವುದು. ಪಿಚರ್ ಚೆಂಡು ಬಿಡುತ್ತಿದ್ದಂತೆ ಮೊದಲ ಬೇಸ್‌ನಲ್ಲಿದ್ದವರು ಸದ್ದಿಲ್ಲದೆ ಎರಡನೆಯದಕ್ಕೆ ಓಟ ಕೀಳಬಹುದು. ಇದಕ್ಕೆ 'ಸ್ಟೀಲ್' ಎನ್ನುತ್ತಾರೆ. ಆಗ ಕ್ಯಾಚರ್ ಕೂತಲ್ಲಿಂದ ಎದ್ದು ಚೌಕದ ಮೂಲೆಯಿಂದ ಮೂಲೆಗೆ ಚೆಂಡು ಎಸೆಯಬೇಕು. 1943ರ ಅಂಗಳದಲ್ಲಿ ಅದು ಸುಮಾರು 28 ಮೀಟರ್. ತೋಳಲ್ಲಿ ಬಲ ಇಲ್ಲದಿದ್ದರೆ ಎದುರಾಳಿಗಳಿಗೆ ಹಬ್ಬ.

ಮಜಾ ಅಂದರೆ ಈ ಲೀಗಿನ ನಿಯಮ ನಿಂತಲ್ಲಿ ನಿಲ್ಲಲಿಲ್ಲ. ಶುರುವಾಗಿದ್ದು ಸಾಫ್ಟ್‌ಬಾಲ್‌ನ ಚೆಂಡಿನಿಂದ. ಅದರ ಸುತ್ತಳತೆ ಸುಮಾರು 30 ಸೆಂಟಿಮೀಟರ್. ಪಿಚರ್ ನಿಲ್ಲುತ್ತಿದ್ದುದು 12 ಮೀಟರ್ ದೂರದಲ್ಲಿ. ವರ್ಷ ಕಳೆದಂತೆ ಚೆಂಡು ಚಿಕ್ಕದಾಯಿತು, ದೂರ ಹೆಚ್ಚಿತು. 1948ಕ್ಕೆ ಕೈ ತಲೆಯ ಮೇಲಿನಿಂದ ಬೀಸಿ ಎಸೆಯುವ ಪದ್ಧತಿ ಬಂತು. 1954ರ ಹೊತ್ತಿಗೆ ಚೆಂಡು 23 ಸೆಂಟಿಮೀಟರಿಗೆ ಇಳಿದಿತ್ತು, ಪಿಚರ್ 18 ಮೀಟರಿಗೆ ಸರಿದಿದ್ದರು. ಅಂದರೆ ಸಾಫ್ಟ್‌ಬಾಲ್ ನಿಧಾನಕ್ಕೆ ಬೇಸ್‌ಬಾಲ್ ಆಗುತ್ತಿತ್ತು, ಆಡುವವರು ಎರಡು ಮೂರು ವರ್ಷಕ್ಕೊಮ್ಮೆ ಆಟವನ್ನೇ ಹೊಸದಾಗಿ ಕಲಿಯಬೇಕಾಗಿತ್ತು. ಕೀಲಿಮಣೆಯ ಅಕ್ಷರಗಳ ಜಾಗ ಆಗಾಗ ಬದಲಾದರೆ ಟೈಪಿಸ್ಟ್ ಗತಿ ಏನು, ಯೋಚಿಸಿ. ಬೇಕರ್ ಇದರ ನಡುವೆಯೇ 900ಕ್ಕೂ ಹೆಚ್ಚು ಪಂದ್ಯ ಆಡಿದರು.

ಸ್ಕರ್ಟ್, ಲಿಪ್‌ಸ್ಟಿಕ್, ದಂಡ

ರಿಗ್ಲಿಯವರಿಗೆ ಇನ್ನೊಂದು ಚಿಂತೆಯೂ ಇತ್ತು. ಹೆಂಗಸರು ಗಂಡಸರಂತೆ ಕಂಡರೆ ಜನ ಬರುವುದಿಲ್ಲ ಎಂದು. ಹಾಗಾಗಿ ಆಟದ ಉಡುಪು ಎಂದರೆ ಮೊಣಕಾಲಿಗಿಂತ ಮೇಲಿನ ಸ್ಕರ್ಟ್. ಮಣ್ಣಿನ ಮೇಲೆ ಜಾರಿಕೊಂಡು ಬೇಸ್ ಮುಟ್ಟಬೇಕಾದ ಆಟಕ್ಕೆ ಇದು! ತೊಡೆಯ ಚರ್ಮ ಕಿತ್ತುಬರುತ್ತಿತ್ತು. ಆ ಕೆಂಪು ಗಾಯಕ್ಕೆ ಅವರು ಇಟ್ಟ ಹೆಸರು 'ಸ್ಟ್ರಾಬೆರಿ'. ಶುರುವಿನ ವರ್ಷ ಸೌಂದರ್ಯವರ್ಧಕ ಕಂಪನಿಯವರಿಂದ ನಡೆ, ನುಡಿ, ಮೇಕಪ್ ಪಾಠ ಬೇರೆ. ಪ್ರತಿ ತಂಡದ ಜೊತೆಗೂ ಒಬ್ಬ ಮೇಲ್ವಿಚಾರಕಿ. ಕೂದಲು ತೀರಾ ಮೋಟು ಮಾಡಿಸುವಂತಿಲ್ಲ, ಮೈದಾನದ ಹೊರಗೆ ಪ್ಯಾಂಟ್ ಹಾಕುವಂತಿಲ್ಲ. ನಿಯಮ ಮುರಿದರೆ ದಂಡ.

ಬೇಕರ್ ಅವರ ಫೋಟೊ ಪತ್ರಿಕೆಗಳಲ್ಲಿ ಹೆಚ್ಚು ಹೆಚ್ಚು ಬಂತು. 'ಚೆಂದದ ಬಾನಿ ಬೇಕರ್' ಎಂದೇ ಬರೆಯುತ್ತಿದ್ದರು. ಲೀಗಿನ ಪ್ರಚಾರಕ್ಕೆ ಅವರೇ ಮುಖ. 1952ರಲ್ಲಿ ಅಮೆರಿಕದ ಒಂದು ಹೆಸರಾಂತ ಟಿವಿ ಕಾರ್ಯಕ್ರಮಕ್ಕೂ ಹೋಗಿದ್ದರು. ಅತಿಥಿಯ ಉದ್ಯೋಗ ಏನೆಂದು ಪ್ರಶ್ನೆ ಕೇಳಿ ಕೇಳಿ ಊಹಿಸುವ ಆಟ ಅದು. ವೃತ್ತಿಪರ ಬೇಸ್‌ಬಾಲ್ ಆಟಗಾರ್ತಿ ಎಂಬ ಉದ್ಯೋಗ ಊಹಿಸಲು ಕಷ್ಟ ಎಂದೇ ಅವರನ್ನು ಕರೆಸಿದ್ದು, ಅಲ್ವಾ?

ಈ ಲೀಗಿನ ಬಾಗಿಲು ಎಲ್ಲ ಹೆಂಗಸರಿಗೂ ತೆರೆದಿರಲಿಲ್ಲ ಎಂಬುದನ್ನೂ ಹೇಳಬೇಕು. ಕಪ್ಪು ಆಟಗಾರ್ತಿಯರನ್ನು ಸೇರಿಸಿಕೊಳ್ಳಲಿಲ್ಲ. ಟೋನಿ ಸ್ಟೋನ್ ಎಂಬ ಕಪ್ಪು ಆಟಗಾರ್ತಿ 1953ರಲ್ಲಿ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡಕ್ಕೆ, ಕಪ್ಪು ಗಂಡಸರ ಲೀಗಿನಲ್ಲಿ ಆಡಿದರು.

ಒಂದು ಸೀಸನ್‌ನ ಮ್ಯಾನೇಜರ್

ಬೇಸ್‌ಬಾಲಿನಲ್ಲಿ 'ಮ್ಯಾನೇಜರ್' ಎಂದರೆ ಆಫೀಸಿನ ಮ್ಯಾನೇಜರ್ ಅಲ್ಲ. ಕೋಚ್ ಮತ್ತು ಕ್ಯಾಪ್ಟನ್ ಇಬ್ಬರ ಕೆಲಸವೂ ಸೇರಿದ ಹುದ್ದೆ. ಯಾರು ಆಡಬೇಕು, ಯಾವ ಕ್ರಮದಲ್ಲಿ, ಪಿಚರ್ ಸುಸ್ತಾದರೆ ಯಾವಾಗ ಬದಲಿಸಬೇಕು, ಎಲ್ಲ ಅವರದೇ ತೀರ್ಮಾನ. ಹೆಂಗಸರ ಲೀಗ್ ಆದರೂ ಈ ಕುರ್ಚಿಯಲ್ಲಿ ಕೂರುತ್ತಿದ್ದವರು ಗಂಡಸರು, ಹೆಚ್ಚಿನವರು ಹಳೇ ಆಟಗಾರರು.

1948ರಲ್ಲಿ ಲೀಗಿಗೆ ಹತ್ತು ತಂಡಗಳಿದ್ದವು. ಆ ವರ್ಷ ಪಂದ್ಯ ನೋಡಿದವರು 9 ಲಕ್ಷಕ್ಕೂ ಹೆಚ್ಚು. ಆಮೇಲೆ ಇಳಿಮುಖ. ಯುದ್ಧ ಮುಗಿದು ಗಂಡಸರ ಆಟ ಮೊದಲಿನಂತಾಗಿತ್ತು, ಅದನ್ನು ಮನೆಯಲ್ಲೇ ಟಿವಿಯಲ್ಲಿ ನೋಡಬಹುದಾಗಿತ್ತು. ಕ್ಯಾಲಮಜೂ ಲ್ಯಾಸೀಸ್ ಎಂಬ ತಂಡ 1950ರಲ್ಲಿ ಪಟ್ಟಿಯ ತಳದಲ್ಲಿತ್ತು, ಜನವೂ ಬರುತ್ತಿರಲಿಲ್ಲ. ಸೀಸನ್ ನಡುವೆ ಬೇಕರ್ ಅವರನ್ನು ಅಲ್ಲಿಗೆ ಕಳಿಸಿದರು, ಆಟಗಾರ್ತಿಯಾಗಿ ಮಾತ್ರವಲ್ಲ, ಮ್ಯಾನೇಜರ್ ಆಗಿ. ಬೇರೆ ಕೆಲವು ಹೆಂಗಸರು ನಾಲ್ಕಾರು ದಿನ ತಾತ್ಕಾಲಿಕವಾಗಿ ಆ ಕೆಲಸ ನೋಡಿಕೊಂಡದ್ದುಂಟು. ಪೂರ್ಣಾವಧಿಗೆ ನೇಮಕವಾದವರು ಬೇಕರ್ ಒಬ್ಬರೇ.

ತಂಡವೇನೂ ರಾತ್ರೋರಾತ್ರಿ ಮೇಲೇಳಲಿಲ್ಲ. ಸೀಸನ್ ಮುಗಿದ ಮೇಲೆ ಲೀಗಿನ ಆಡಳಿತ ಮಂಡಳಿ ಒಂದು ನಿರ್ಧಾರ ಮಾಡಿತು: ಇನ್ನು ಮುಂದೆ ಹೆಂಗಸರನ್ನು ಮ್ಯಾನೇಜರ್ ಮಾಡುವಂತಿಲ್ಲ. 1951ರಲ್ಲಿ ಬೇಕರ್ ಆಡಲಿಲ್ಲ. 1952ರಲ್ಲಿ ಕ್ಯಾಲಮಜೂಗೆ ಆಟಗಾರ್ತಿಯಾಗಿ ಮಾತ್ರ ಮರಳಿ, ಒಂದು ಸೀಸನ್ ಆಡಿ, ಊರಿಗೆ ಬಂದರು.

ಕಲ್ಲು ಯಾಕೆ ಬಾಗುತ್ತದೆ, ಪೊರಕೆ ಯಾಕೆ?

ಈಗ ಐಸ್ ಮನೆಗೆ ಬರೋಣ. ಗೋಲಿ ಅಥವಾ ಕೇರಂ ಆಡಿದ್ದರೆ ಕರ್ಲಿಂಗ್ ಅರ್ಧ ಗೊತ್ತು ಎಂದೇ ಲೆಕ್ಕ. ಸುಮಾರು 45 ಮೀಟರ್ ಉದ್ದ, 5 ಮೀಟರಿಗಿಂತ ಕಡಿಮೆ ಅಗಲದ ಐಸ್ ಪಟ್ಟಿ. ಇದು 'ಶೀಟ್'. ಆ ತುದಿಯಲ್ಲಿ ಒಂದರೊಳಗೊಂದು ಬಣ್ಣದ ವೃತ್ತಗಳು. ಇದು 'ಹೌಸ್'. ಈ ತುದಿಯಿಂದ ಕಲ್ಲು ಜಾರಿಸಿ ಅದರ ನಡುಬಿಂದುವಿಗೆ ಹತ್ತಿರ ನಿಲ್ಲಿಸಬೇಕು. ಎದುರಾಳಿಯ ಕಲ್ಲು ಅಲ್ಲಿ ಕೂತಿದ್ದರೆ ಹೊಡೆದು ಹೊರಗಟ್ಟಬಹುದು. ಹೊರಗಟ್ಟಲು ಆಗದ ಹಾಗೆ ನಮ್ಮದೊಂದು ಕಲ್ಲನ್ನು ಕಾವಲಿಗೆ ಅಡ್ಡ ಇಡಬಹುದು.

ಕಲ್ಲು ಗ್ರಾನೈಟ್‌ನದು, ಮೇಲೊಂದು ಹಿಡಿ. ತೂಕ ಹೆಚ್ಚೆಂದರೆ 20 ಕೆಜಿ, 25 ಕೆಜಿ ಅಕ್ಕಿ ಮೂಟೆಗಿಂತ ಸ್ವಲ್ಪ ಹಗುರ. ಒಳ್ಳೇ ಕಲ್ಲು ಎಲ್ಲೆಂದರಲ್ಲಿ ಸಿಗುವುದಿಲ್ಲ. ಸ್ಕಾಟ್ಲೆಂಡಿನ ಐಲ್ಸಾ ಕ್ರೇಗ್ ಎಂಬ ಪುಟ್ಟ ದ್ವೀಪದ ಕಲ್ಲಿಗೆ ಎಲ್ಲಿಲ್ಲದ ಬೇಡಿಕೆ. ಆಟ ಹುಟ್ಟಿದ್ದೂ ಸ್ಕಾಟ್ಲೆಂಡಿನಲ್ಲೇ, ಅಲ್ಲಿಂದ ವಲಸೆ ಬಂದವರ ಜೊತೆ ಅದು ಕೆನಡಾ ಸೇರಿತು.

ತಂಡಕ್ಕೆ ನಾಲ್ವರು, ಒಬ್ಬೊಬ್ಬರಿಗೆ ಎರಡೆರಡು ಕಲ್ಲು. ಎರಡೂ ತಂಡದ ಒಟ್ಟು 16 ಕಲ್ಲು ಮುಗಿದರೆ ಒಂದು 'ಎಂಡ್', ನಮ್ಮ ಓವರ್ ಇದ್ದ ಹಾಗೆ. ಆಗ ಅಂಕ ಎಣಿಸುತ್ತಾರೆ. ನಡುಬಿಂದುವಿಗೆ ಅತಿ ಹತ್ತಿರದ ಕಲ್ಲು ಯಾರದೋ ಅವರಿಗೆ ಮಾತ್ರ ಅಂಕ. ನಿಮ್ಮ ಎರಡು ಕಲ್ಲು ಒಳಗಿವೆ, ಮೂರನೆಯದು ಎದುರಾಳಿಯದು, ನಾಲ್ಕನೆಯದು ಮತ್ತೆ ನಿಮ್ಮದು ಎಂದಿಟ್ಟುಕೊಳ್ಳಿ. ನಿಮಗೆ ಎರಡೇ ಅಂಕ, ನಾಲ್ಕನೆಯದು ಲೆಕ್ಕಕ್ಕಿಲ್ಲ. ಎದುರಾಳಿಗೆ ಸೊನ್ನೆ. ಹಾಗಾಗಿ ಕೊನೆಯ ಕಲ್ಲು ಯಾರ ಕೈಯಲ್ಲಿ ಎಂಬುದು ಬಹಳ ಮುಖ್ಯ. ಅದಕ್ಕೆ 'ಹ್ಯಾಮರ್', ಅಂದರೆ ಸುತ್ತಿಗೆ ಎಂಬ ಹೆಸರು ಬೇರೆ.

ಕನ್ನಡಿಯಂತೆ ನುಣುಪಾದ ಐಸ್ ಮೇಲೆ ಈ ಆಟ ನಡೆಯುವುದಿಲ್ಲ. ಆಟಕ್ಕೆ ಮುಂಚೆ ನೀರಿನ ಸಣ್ಣ ಹನಿ ಚಿಮುಕಿಸುತ್ತಾರೆ. ಅವು ಹೆಪ್ಪುಗಟ್ಟಿ ಕಿತ್ತಳೆ ಸಿಪ್ಪೆಯ ಹಾಗೆ ಉಬ್ಬುಬ್ಬು ಆಗುತ್ತದೆ. ಕಲ್ಲಿನ ತಳವೂ ತಟ್ಟೆಯಂತೆ ಒಳಗೆ ತಗ್ಗು, ಅಂಚಿನ ಉಂಗುರ ಮಾತ್ರ ಐಸ್ ಮುಟ್ಟುತ್ತದೆ. ಉಬ್ಬುಗಳ ತುದಿಯ ಮೇಲೆ ಉಂಗುರ ಜಾರುತ್ತದೆ, ಅದಕ್ಕೇ ಅಷ್ಟು ದೂರ ಹೋಗುವುದು. ಬಿಡುವಾಗ ಹಿಡಿಯನ್ನು ಸ್ವಲ್ಪ ತಿರುಗಿಸಿದರೆ ಕಲ್ಲು ಮೆಲ್ಲಗೆ ಸುತ್ತುತ್ತಾ ದಾರಿ ಬಾಗಿಸಿಕೊಳ್ಳುತ್ತದೆ. ಆಟದ ಹೆಸರಿರುವುದೂ ಈ ಬಾಗುವಿಕೆಯಲ್ಲೇ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಅಡುಗೆಮನೆ ಕಟ್ಟೆಯ ಮೇಲೆ ಲೋಟ ಬೋರಲು ಹಾಕಿ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತಾ ಮುಂದಕ್ಕೆ ಜಾರಿಸಿ. ಅದು ಎಡಕ್ಕೆ ಬಾಗುತ್ತದೆ. ಕರ್ಲಿಂಗ್ ಕಲ್ಲು ಅದೇ ದಿಕ್ಕಿಗೆ ತಿರುಗಿದರೆ ಬಾಗುವುದು ಬಲಕ್ಕೆ! ಯಾಕೆ ಹೀಗೆ ಎಂದು ಭೌತವಿಜ್ಞಾನಿಗಳು ಇನ್ನೂ ವಾದ ಮಾಡುತ್ತಿದ್ದಾರೆ.

ಪೊರಕೆಯ ಗುಟ್ಟು ಇಷ್ಟೇ. ಜೋರಾಗಿ ಉಜ್ಜಿದರೆ ಐಸ್‌ನ ಮೇಲ್ಪದರ ಒಂಚೂರು ಬಿಸಿಯಾಗುತ್ತದೆ, ಘರ್ಷಣೆ ಕಡಿಮೆಯಾಗುತ್ತದೆ. ಕಲ್ಲು ಇನ್ನಷ್ಟು ದೂರ ಹೋಗುತ್ತದೆ, ಬಾಗುವುದೂ ಕಡಿಮೆ. ಅಂದರೆ ಕೈಬಿಟ್ಟ ಮೇಲೂ ಕಲ್ಲನ್ನು ಸ್ವಲ್ಪ ಮಟ್ಟಿಗೆ ಅಂಕೆಯಲ್ಲಿಡಬಹುದು. ಬೇಕರ್ ಕಾಲದಲ್ಲಿ ಈಗಿನ ಬ್ರಷ್ ಇರಲಿಲ್ಲ, ಉದ್ದ ಕಡ್ಡಿಯ ನಿಜವಾದ ಪೊರಕೆ. ಅದರ ಪಟಪಟ ಸದ್ದು ಹಳೇ ಆಟದ ಗುರುತು.

ತಂಡದ ನಾಯಕರಿಗೆ 'ಸ್ಕಿಪ್' ಎನ್ನುತ್ತಾರೆ. ಅವರು ಆ ತುದಿಯಲ್ಲಿ ನಿಂತು ಪೊರಕೆ ಹಿಡಿದು ಗುರಿ ತೋರಿಸುತ್ತಾರೆ. ಯಾವ ಕಲ್ಲು, ಎಷ್ಟು ವೇಗ, ಯಾವ ತಿರುವು ಎಂದು ಸನ್ನೆ ಮಾಡುತ್ತಾರೆ. ಕ್ಯಾಚರ್ ಗ್ಲೌಸ್‌ನಲ್ಲಿ ಮಾಡುವುದನ್ನೇ ಸ್ಕಿಪ್ ಪೊರಕೆಯಲ್ಲಿ ಮಾಡುತ್ತಾರೆ. ಎಸೆಯುವವರಿಗೆ ಎದುರಾಗಿ ನಿಂತು ಇಡೀ ಅಂಗಳ ಓದುವ ಕೆಲಸ.

ಇಪ್ಪತ್ತೈದು ವರ್ಷದ ಮ್ಯಾನೇಜರ್

ರಿಜೈನಾಕ್ಕೆ ಮರಳಿದ ಬೇಕರ್ ಸಾಫ್ಟ್‌ಬಾಲ್ ಬಿಡಲಿಲ್ಲ. 1964ರ ಸುಮಾರಿಗೆ ಅಲ್ಲಿನ ಸಿಕೆಆರ್‌ಎಂ ರೇಡಿಯೊದಲ್ಲಿ ಕ್ರೀಡಾ ವಿಭಾಗ ನೋಡಿಕೊಂಡರು. ಕೆನಡಾದಲ್ಲಿ ಆ ಹುದ್ದೆ ಹಿಡಿದ ಮೊದಲ ಮಹಿಳೆ ಎಂದು ಅವರನ್ನು ಗುರುತಿಸುತ್ತಾರೆ. ಅವರು ಹೆಚ್ಚು ಕಾಲ ನಿಂತ ಕೆಲಸ ಮಾತ್ರ ಊರಿನ ವೀಟ್ ಸಿಟಿ ಕರ್ಲಿಂಗ್ ಕ್ಲಬ್ಬಿನ ಮ್ಯಾನೇಜರ್ ಹುದ್ದೆ. 25 ವರ್ಷ.

ಇಲ್ಲಿ 'ಮ್ಯಾನೇಜರ್' ಪದದ ಅರ್ಥ ಮತ್ತೆ ಬದಲು. ಕರ್ಲಿಂಗ್ ಕ್ಲಬ್ ಎಂದರೆ ಕೆಲವು ಐಸ್ ಪಟ್ಟಿಗಳು, ಒಂದು ಗಾಜಿನ ಗೋಡೆ, ಅದರಾಚೆ ಬೆಚ್ಚಗೆ ಕೂತು ಆಟ ನೋಡುವ ಕೋಣೆ, ಒಂದು ಅಡುಗೆಮನೆ. ಯಾವ ಸಂಜೆ ಯಾವ ತಂಡಕ್ಕೆ ಯಾವ ಪಟ್ಟಿ, ಐಸ್ ಸರಿ ಇದೆಯಾ, ಸದಸ್ಯರ ಹಣ ಬಂತಾ, ಹೊಸಬರಿಗೆ ಕಲಿಸುವವರು ಯಾರು, ಇಂಥದ್ದೆಲ್ಲ ನೋಡಿಕೊಳ್ಳುವ ಕೆಲಸ. ಜೊತೆಗೆ 'ಬಾನ್‌ಸ್ಪೀಲ್' ಎಂಬ ಟೂರ್ನಿಗಳು. ಅಕ್ಕಪಕ್ಕದ ಊರವರೆಲ್ಲ ಬಂದು ದಿನವಿಡೀ ಆಡಿ, ಉಂಡು ಹೋಗುವ ಹಬ್ಬ. ನಮ್ಮಲ್ಲಿ ಜಾತ್ರೆಗೆ ಕುಸ್ತಿ ಪಂದ್ಯ ಇಟ್ಟ ಹಾಗೆ.

ನನಗೆ ಅವರ ಬದುಕಿನಲ್ಲಿ ಕುತೂಹಲದ ಜಾಗ ಇದೇ. ಬೇಸ್‌ಬಾಲ್ ಲೀಗ್ ಅವರಿಗೆ ಮ್ಯಾನೇಜರ್ ಕುರ್ಚಿ ಕೊಟ್ಟದ್ದು ಒಂದು ಸೀಸನ್ನಿಗೂ ಕಡಿಮೆ. ಐಸ್ ಮನೆ ಕಾಲು ಶತಮಾನ ಕೊಟ್ಟಿತು. ಸಂಬಳ, ಫೋಟೊ, ಟಿವಿ ಎಲ್ಲ ಸಿಕ್ಕಿದ್ದು ಮೊದಲಿನದರಲ್ಲಿ.

ಇದೇ ದಾರಿಯ ಇನ್ನೂ ಕೆಲವರು

ಮ್ಯೂರಿಯಲ್ ಕೋಬೆನ್ ಕೂಡ ಸಸ್ಕಾಚೆವಾನ್‌ನವರು. 1943ರಲ್ಲಿ ಸೌತ್ ಬೆಂಡ್ ಮತ್ತು ರಾಕ್‌ಫರ್ಡ್ ತಂಡಗಳಿಗೆ ಪಿಚರ್ ಆಗಿದ್ದರು. ಮುಂದೆ ಕರ್ಲಿಂಗ್‌ನಲ್ಲಿ ಜಾಯ್ಸ್ ಮೆಕ್ಕೀ ಎಂಬ ಸ್ಕಿಪ್ ಜೊತೆ ಆಡಿದರು. ಮೆಕ್ಕೀ ತಂಡ 1961ರಲ್ಲಿ ಒಟಾವಾದಲ್ಲಿ ನಡೆದ ಕೆನಡಾದ ಮೊದಲ ರಾಷ್ಟ್ರೀಯ ಮಹಿಳಾ ಕರ್ಲಿಂಗ್ ಪಂದ್ಯಾವಳಿ ಗೆದ್ದಿತು. ಆ ತಂಡದಲ್ಲಿದ್ದ ಸಿಲ್ವಿಯಾ ಫೆಡೊರುಕ್ ಭೌತವಿಜ್ಞಾನಿ. ಕ್ಯಾನ್ಸರಿಗೆ ಕೋಬಾಲ್ಟ್ ವಿಕಿರಣ ಚಿಕಿತ್ಸೆ ರೂಪಿಸಿದ, ಅದೇ ಪ್ರಾಂತ್ಯದ ಸಾಸ್ಕಟೂನ್ ಊರಿನ ವಿಜ್ಞಾನಿಗಳ ತಂಡದಲ್ಲೂ ಅವರಿದ್ದರು. 1988ರಲ್ಲಿ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಆದರು. ಒಬ್ಬರ ಬದುಕಿಗೆ ಇಷ್ಟೆಲ್ಲ ಹಿಡಿಸುತ್ತಾ ಅಂತ ನಾನೂ ಎರಡೆರಡು ಸಲ ಓದಿದೆ.

ಕರ್ಲಿಂಗ್‌ಗೆ ಒಲಿಂಪಿಕ್ ಪದಕದ ಪಟ್ಟಿಯಲ್ಲಿ ಖಾಯಂ ಜಾಗ ಸಿಕ್ಕಿದ್ದು 1998ರಲ್ಲಿ, ಜಪಾನಿನ ನಾಗಾನೊದಲ್ಲಿ. ಹೆಂಗಸರ ಮೊದಲ ಚಿನ್ನ ಗೆದ್ದ ಸ್ಯಾಂಡ್ರಾ ಶ್ಮರ್ಲರ್ ಸಸ್ಕಾಚೆವಾನ್‌ನ ಬಿಗ್ಗರ್ ಎಂಬ ಪುಟ್ಟ ಊರಿನವರು. 2001ರಲ್ಲಿ ಪ್ರಾಂತ್ಯ ಕರ್ಲಿಂಗನ್ನು ತನ್ನ ಅಧಿಕೃತ ಕ್ರೀಡೆ ಎಂದು ಘೋಷಿಸಿತು.

ಬೇಸ್‌ಬಾಲ್ ಲೀಗನ್ನು ಮಾತ್ರ ಜನ ಹೆಚ್ಚುಕಡಿಮೆ ಮರೆತಿದ್ದರು. ಅಮೆರಿಕದ ಕೂಪರ್ಸ್‌ಟೌನಿನ ಬೇಸ್‌ಬಾಲ್ ಮ್ಯೂಸಿಯಂ 1988ರಲ್ಲಿ ಆ ಆಟಗಾರ್ತಿಯರಿಗಾಗಿ ಒಂದು ಪ್ರದರ್ಶನ ತೆರೆಯಿತು. 1992ರಲ್ಲಿ ಒಂದು ಹಾಲಿವುಡ್ ಸಿನಿಮಾ ಬಂದ ಮೇಲೆ ಹೊಸ ತಲೆಮಾರಿಗೂ ಗೊತ್ತಾಯಿತು. ಕೆನಡಾದ ಬೇಸ್‌ಬಾಲ್ ಹಾಲ್ ಆಫ್ ಫೇಮ್ ತನ್ನ ದೇಶದಿಂದ ಹೋಗಿ ಆಡಿದ ಅಷ್ಟೂ ಹೆಂಗಸರನ್ನು ಒಟ್ಟಿಗೆ ಸೇರಿಸಿಕೊಂಡದ್ದು 1998ರಲ್ಲಿ, ನಾಗಾನೊದ ಚಿನ್ನ ಬಂದ ಅದೇ ವರ್ಷ. ಬೇಕರ್ ಅವರ ಹೆಸರೂ ಆ ಪಟ್ಟಿಯಲ್ಲಿತ್ತು. ಅವರು ತೀರಿಕೊಂಡದ್ದು 2003ರ ಡಿಸೆಂಬರ್ 17ರಂದು, ರಿಜೈನಾದಲ್ಲೇ. ಆ ತಿಂಗಳು ಅಲ್ಲಿ ಮೈದಾನಗಳೆಲ್ಲ ಹಿಮದಡಿ ಇರುತ್ತವೆ, ಕರ್ಲಿಂಗ್ ಕ್ಲಬ್ಬುಗಳು ತುಂಬಿರುತ್ತವೆ.